ಟರ್ನರ್ ಸಿಂಡ್ರೋಮ್ ಇರುವ ಹೆಂಗಸರಿಗೆ: ಎತ್ತರ ಬಿಟ್ಟು ಉಳಿದದ್ದನ್ನೆಲ್ಲ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ನನಗಾಗ 17 ವರ್ಷ. ಎರಡನೇ ಪಿಯುಸಿ. ಶಿರಾದಿಂದ ತುಮಕೂರಿಗೆ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ ನನ್ನನ್ನು ಒಂದು ಸಲ ನೋಡಿ ಅರ್ಧ ಟಿಕೆಟ್ ಹರಿದು ಕೊಟ್ಟರು. "ಫುಲ್ ಕೊಡಿ ಸಾರ್" ಎಂದೆ. "ಯಾಕಮ್ಮ, ನಿಮ್ಮಪ್ಪನ ದುಡ್ಡು ಜಾಸ್ತಿ ಆಗಿದೆಯಾ?" ಎಂದು ನಕ್ಕರು. ಇಡೀ ಬಸ್ಸು ತಿರುಗಿ ನೋಡಿತು. ಈಗ ಆ ರಗಳೆ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಅರ್ಧವೂ ಇಲ್ಲ, ಫುಲ್ಲೂ ಇಲ್ಲ. ಆಧಾರ್ ತೋರಿಸಿದರೆ ಆಯಿತು.

ನನಗೆ ಈಗ 41. ಎತ್ತರ 140 ಸೆಂಟಿಮೀಟರ್. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. 16ನೇ ವಯಸ್ಸಿನಲ್ಲಿ ಟರ್ನರ್ ಸಿಂಡ್ರೋಮ್ ಎಂದು ಗೊತ್ತಾಯಿತು. ಹುಟ್ಟಿನಿಂದಲೇ ಇರುವ ವರ್ಣತಂತುವಿನ ವ್ಯತ್ಯಾಸ ಅದು. ಅಲ್ಲಿಂದ ಹತ್ತು ವರ್ಷ ಮನೆಯಲ್ಲಿ ಎರಡೇ ಮಾತು. ಒಂದು, ಇವಳು ಉದ್ದ ಆಗಲ್ಲ. ಎರಡು, ಇವಳಿಗೆ ಮಕ್ಕಳಾಗಲ್ಲ. ಈ ಎರಡರ ಗಲಾಟೆಯಲ್ಲಿ ನನ್ನ ಹೃದಯ, ಕಿವಿ, ಮೂಳೆ ಯಾವುದನ್ನೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ದಿನದಿನದ ಬದುಕು ಹಗುರವಾಗಿರುವುದು, ಭಾರವಾಗುವುದು ಮಾತ್ರ ಇವುಗಳಿಂದಲೇ. ಹಾಗಾಗಿ 18 ದಾಟಿದ ಹುಡುಗಿಯರಿಗೆ, ಹೆಂಗಸರಿಗೆ, ಅವರ ಮನೆಯವರಿಗೆ ನಾನು ಹೇಳಬೇಕೆಂದಿರುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಇದನ್ನು ಓದಿಕೊಂಡು ನಿಮ್ಮ ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ.

ಹೆಜ್ಜೆ 1: ಮೊದಲ ರಿಪೋರ್ಟನ್ನು ಹುಡುಕಿ ತೆಗೆಯಿರಿ

ಹೆಂಗಸರ ಜೀವಕೋಶದಲ್ಲಿ ಸಾಮಾನ್ಯವಾಗಿ ಎರಡು ಎಕ್ಸ್ ವರ್ಣತಂತುಗಳಿರುತ್ತವೆ. ನಮ್ಮಲ್ಲಿ ಒಂದು ಪೂರ್ತಿ ಇರುವುದಿಲ್ಲ, ಇಲ್ಲವೇ ಅದರ ಒಂದು ತುಂಡು ಇರುವುದಿಲ್ಲ. ಅಷ್ಟೇ ವಿಷಯ. ಸುಮಾರು 2000ದಿಂದ 2500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗಿರುತ್ತದೆ. ಅಮೆರಿಕದ ಓಕ್ಲಹೋಮಾದ ಹೆನ್ರಿ ಟರ್ನರ್ 1938ರಲ್ಲಿ ಇದರ ಬಗ್ಗೆ ಬರೆದರು. ಅದಕ್ಕೂ ಮುಂಚೆ, 1930ರಲ್ಲೇ, ಜರ್ಮನಿಯ ಆಟೋ ಉಲ್‌ರಿಕ್ ಬರೆದಿದ್ದರು. ಆದರೆ ಕಾರಣ ಒಂದು ಎಕ್ಸ್ ಇಲ್ಲದಿರುವುದು ಎಂದು ಗೊತ್ತಾಗಿದ್ದು 1959ರಲ್ಲಿ.

ಇದು ಅಮ್ಮನ ತಪ್ಪಲ್ಲ. ಗ್ರಹಣದ ದಿನ ಹೊರಗೆ ಹೋಗಿದ್ದಕ್ಕಲ್ಲ, ಪರಂಗಿಹಣ್ಣು ತಿಂದಿದ್ದಕ್ಕಲ್ಲ, ಸೋದರಸಂಬಂಧದಲ್ಲಿ ಮದುವೆಯಾಗಿದ್ದಕ್ಕೂ ಅಲ್ಲ. ನಮ್ಮಜ್ಜಿ ಈ ಮೂರನ್ನೂ ನಮ್ಮಮ್ಮನ ಮೇಲೆ ಹಾಕಿದ್ದರು. ಅಂಡಾಣು ಅಥವಾ ವೀರ್ಯಾಣು ಆಗುವಾಗ, ಇಲ್ಲವೇ ಭ್ರೂಣ ಬೆಳೆಯಲು ಶುರುವಾದಾಗ ಆಕಸ್ಮಿಕವಾಗಿ ಆಗುವ ಎಡವಟ್ಟು ಇದು. ನಿಮ್ಮಮ್ಮ ಇನ್ನೂ ಒಳಗೊಳಗೇ ಕೊರಗುತ್ತಿದ್ದರೆ ಇವತ್ತೇ ಇದನ್ನು ಅವರಿಗೆ ಹೇಳಿ.

ಈಗ ರಿಪೋರ್ಟ್ ತೆಗೆಯಿರಿ. ಅದರ ಹೆಸರು ಕ್ಯಾರಿಯೋಟೈಪ್. "45 ಎಕ್ಸ್" ಎಂದಿದ್ದರೆ ಪರೀಕ್ಷಿಸಿದ ಎಲ್ಲ ಕೋಶಗಳಲ್ಲೂ ಒಂದೇ ಎಕ್ಸ್ ಇದೆ ಎಂದು ಅರ್ಥ. ಜೊತೆಗೆ "46 ಎಕ್ಸ್‌ಎಕ್ಸ್" ಎಂದೂ ಇದ್ದರೆ ಕೆಲವು ಕೋಶ ಹಾಗೆ, ಕೆಲವು ಹೀಗೆ. ಇದನ್ನು ಮೊಸಾಯಿಕ್ ಎನ್ನುತ್ತಾರೆ. ವೈ ವರ್ಣತಂತುವಿನ ತುಂಡು ಇದೆ ಎಂದು ಬರೆದಿದ್ದರೆ ಅದನ್ನು ಪಕ್ಕಕ್ಕಿಡಬೇಡಿ. ಅಂಥವರ ಬೆಳೆಯದೆ ಪಟ್ಟಿಯಂತೆ ಉಳಿದ ಅಂಡಾಶಯದಲ್ಲಿ ಗಡ್ಡೆ ಬೆಳೆಯುವ ಸಾಧ್ಯತೆ ಇರುವುದರಿಂದ ಅದನ್ನು ತೆಗೆಸುವ ಸಲಹೆ ಕೊಡುತ್ತಾರೆ. ವೈ ಇದೆ ಅಂದ ಮಾತ್ರಕ್ಕೆ ನೀವು ಹೆಣ್ಣಲ್ಲ ಎಂದೇನೂ ಅಲ್ಲ. ಈ ಮಾತು ಹೇಳಬೇಕಾಗಿ ಬಂದಿರುವುದೇ ಬೇಜಾರು. ಏನು ಮಾಡುವುದು, ಕೇಳುವವರಿದ್ದಾರೆ.

ರಿಪೋರ್ಟ್ ಕಳೆದುಹೋಗಿದ್ದರೆ ಮತ್ತೆ ಮಾಡಿಸಿ. ಒಂದು ಸಿರಿಂಜ್ ರಕ್ತ ಸಾಕು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಪರೀಕ್ಷೆಯ ಜೊತೆಗೆ ಕೂತು ವಿವರಿಸಿ ಹೇಳುವವರೂ ಇರುತ್ತಾರೆ.

ಆಮೇಲೆ ಒಂದು ಫೈಲ್ ಮಾಡಿ. ಮಕ್ಕಳ ಡಾಕ್ಟರು 18ಕ್ಕೆ ಕೈಬಿಡುತ್ತಾರೆ. ದೊಡ್ಡವರ ಡಾಕ್ಟರು ಒಬ್ಬರೇ ಇರುವುದಿಲ್ಲ. ಹೃದಯಕ್ಕೊಬ್ಬರು, ಥೈರಾಯ್ಡಿಗೊಬ್ಬರು, ಹೆಂಗಸರ ತೊಂದರೆಗೊಬ್ಬರು. ಇವರನ್ನೆಲ್ಲ ಜೋಡಿಸುವ ದಾರ ಆ ಫೈಲೇ. ನನ್ನದು ನೀಲಿ ಬಣ್ಣದ, ಮಾಮೂಲಿ ಸ್ಟೇಷನರಿ ಅಂಗಡಿಯ ಫೈಲ್. ಮೊದಲ ಪುಟದಲ್ಲಿ ಕ್ಯಾರಿಯೋಟೈಪ್. ಎರಡನೆಯದರಲ್ಲಿ ತಗೊಳ್ಳುವ ಮಾತ್ರೆಗಳ ಪಟ್ಟಿ. ಮೂರನೆಯದರಲ್ಲಿ ಹೃದಯದ ಅಳತೆಗಳು, ಇಸವಿ ಸಮೇತ.

ಹೆಜ್ಜೆ 2: ಹೃದಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ಟರ್ನರ್ ಇರುವವರಿಗೆ ಅಪಾಯ ಬರುವುದಾದರೆ ಬಹುಮಟ್ಟಿಗೆ ಈ ಕಡೆಯಿಂದ. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ದೊಡ್ಡ ಕೊಳವೆಗೆ ಮಹಾಪಧಮನಿ ಎನ್ನುತ್ತಾರೆ. ಡಾಕ್ಟರ ಬಾಯಲ್ಲಿ ಅದು ಅಯೋರ್ಟಾ. ಅದರ ಬಾಗಿಲಿನ ಕವಾಟಕ್ಕೆ ಮೂರು ಎಸಳು ಇರಬೇಕು. ನಮ್ಮಲ್ಲಿ 100ಕ್ಕೆ 15ರಿಂದ 30 ಜನರಿಗೆ ಎರಡೇ ಇರುತ್ತವೆ. ಕೆಲವರಿಗೆ ಆ ಕೊಳವೆ ಒಂದು ಕಡೆ ಸೊಂಟ ಕಟ್ಟಿದ ಹಾಗೆ ಕಿರಿದಾಗಿರುತ್ತದೆ. ವಯಸ್ಸಾದಂತೆ ಕೆಲವರಿಗೆ ಅಯೋರ್ಟಾ ಹಿಗ್ಗುತ್ತದೆ. ತುಂಬ ಹಿಗ್ಗಿದರೆ ಒಳಪದರ ಸೀಳಬಹುದು. ಅಪರೂಪ, ಆದರೆ ನಮ್ಮಲ್ಲಿ ಬೇರೆಯವರಿಗಿಂತ ಜಾಸ್ತಿ, ಅದೂ ಚಿಕ್ಕ ವಯಸ್ಸಿಗೇ.

ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲು ಹೋದಾಗ ಮೂರು ಪ್ರಶ್ನೆ ಕೇಳಿ. ಕವಾಟಕ್ಕೆ ಎಷ್ಟು ಎಸಳು? ಎಲ್ಲಾದರೂ ಕಿರಿದಾಗಿದೆಯಾ? ಅಯೋರ್ಟಾ ಅತಿ ಅಗಲ ಇರುವ ಕಡೆ ಎಷ್ಟಿದೆ? ಎಕೋದಲ್ಲಿ ಇಡೀ ಕೊಳವೆ ಕಾಣುವುದಿಲ್ಲ. ಅದಕ್ಕೇ ದೊಡ್ಡವರಾದ ಮೇಲೆ ಒಂದು ಸಲವಾದರೂ ಹೃದಯದ ಎಂಆರ್‌ಐ ಬೇಕು. ಎಲ್ಲ ಚೆನ್ನಾಗಿದ್ದರೆ ಮುಂದಿನದು 5ರಿಂದ 10 ವರ್ಷದ ಮೇಲೆ. ಏನಾದರೂ ಇದ್ದರೆ ಎಷ್ಟು ಬೇಗ ಎಂದು ಹೃದಯದ ಡಾಕ್ಟರೇ ಹೇಳುತ್ತಾರೆ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರಿನಲ್ಲೂ ಕಲಬುರಗಿಯಲ್ಲೂ ಇದೆ. ದೂರ ಎಂದು ಮುಂದೂಡಬೇಡಿ.

ಈಗ ನನಗೆ 35ರವರೆಗೂ ಯಾರೂ ಹೇಳದಿದ್ದ ಒಂದು ವಿಷಯ. ಅಯೋರ್ಟಾ 3.3 ಸೆಂಟಿಮೀಟರ್ ಎಂದು ಬಂತು ಎಂದುಕೊಳ್ಳಿ. ರಿಪೋರ್ಟಿನಲ್ಲಿ "ನಾರ್ಮಲ್" ಎಂದೇ ಬರೆದಿರಬಹುದು. 165 ಸೆಂಟಿಮೀಟರ್ ಎತ್ತರ, 62 ಕೆಜಿ ತೂಕದವರಿಗೆ ಅದು ನಾರ್ಮಲ್ಲೇ. ಎತ್ತರ, ತೂಕದಿಂದ ಲೆಕ್ಕ ಹಾಕುವ ಅವರ ಮೈಯ ಹರವು (ಮೈಯ ಹೊರಮೈ ವಿಸ್ತೀರ್ಣ) ಸುಮಾರು 1.7 ಚದರ ಮೀಟರ್. 3.3ನ್ನು ಅದರಿಂದ ಭಾಗಿಸಿದರೆ 2ಕ್ಕಿಂತ ಕಡಿಮೆ. ನಾನು 140 ಸೆಂಟಿಮೀಟರ್, 46 ಕೆಜಿ. ನನ್ನ ಹರವು ಬರೀ 1.34. ಅದೇ 3.3 ನನ್ನೊಳಗಿದ್ದರೆ ಹೆಚ್ಚುಕಮ್ಮಿ 2.5 ಆಗುತ್ತದೆ. 2017ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 2.5 ದಾಟಿದರೆ ಆಪರೇಷನ್ ಬಗ್ಗೆ ಮಾತಾಡಬೇಕಾದ ಮಟ್ಟ. ಒಂದೇ ಅಳತೆ, ಆದರೆ ಒಬ್ಬರಿಗೆ ನೆಮ್ಮದಿ, ಇನ್ನೊಬ್ಬರಿಗೆ ಎಚ್ಚರಿಕೆ. ಆರು ವರ್ಷದ ಮಗುವಿನ ಚಪ್ಪಲಿಯನ್ನು ದೊಡ್ಡವರ ಸೈಜಿನ ಚಾರ್ಟ್ ಇಟ್ಟುಕೊಂಡು ನೋಡಿದ ಹಾಗೆ ಇದು. "ನನ್ನ ಮೈಯ ಅಳತೆಗೆ ಹೋಲಿಸಿ ಹೇಳಿ ಡಾಕ್ಟ್ರೇ" ಎಂದು ಕೇಳಿ. ಕೇಳಿದರೆ ಲೆಕ್ಕ ಹಾಕಿ ಹೇಳುತ್ತಾರೆ. ನನ್ನದು 2.6 ಸೆಂಟಿಮೀಟರ್, ಭಾಗಿಸಿದರೆ 1.94. ಸದ್ಯ ಪರವಾಗಿಲ್ಲ.

ಬಿಪಿ ಮನೆಯಲ್ಲೇ ನೋಡಿಕೊಳ್ಳಿ. ಮಿಷನ್ ಕೊಳ್ಳುವಾಗ ಪಟ್ಟಿ ನಿಮ್ಮ ತೋಳಿಗೆ ಸರಿಹೊಂದುತ್ತದಾ ನೋಡಿ. ಸಣ್ಣ ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬಿಪಿ ಜಾಸ್ತಿ ಇದ್ದರೆ ಅಯೋರ್ಟಾಗೆ ಅದೇ ದೊಡ್ಡ ಶತ್ರು. ನಡಿಗೆ, ಯೋಗ, ಈಜು ಎಲ್ಲ ಮಾಡಿ. ಅಯೋರ್ಟಾ ಹಿಗ್ಗಿದೆ ಎಂದಿದ್ದರೆ ಮಾತ್ರ ಉಸಿರು ಬಿಗಿ ಹಿಡಿದು ಎತ್ತುವ ಕೆಲಸ ಬೇಡ. ಗ್ಯಾಸ್ ಸಿಲಿಂಡರ್, 20 ಲೀಟರ್ ನೀರಿನ ಕ್ಯಾನ್ ಬೇರೆಯವರು ಎತ್ತಲಿ.

ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ನನ್ನದರಲ್ಲಿ ಹೀಗಿದೆ: "ನನಗೆ ಟರ್ನರ್ ಸಿಂಡ್ರೋಮ್ ಇದೆ. ಇದ್ದಕ್ಕಿದ್ದಂತೆ ಎದೆ, ಬೆನ್ನು ಅಥವಾ ಹೊಟ್ಟೆಯಲ್ಲಿ ಜೋರು ನೋವು ಬಂದರೆ ಅಯೋರ್ಟಾ ಸೀಳಿದೆಯಾ ಎಂದು ಸಿಟಿ ಸ್ಕ್ಯಾನ್ ಮಾಡಿ ನೋಡಿ. ಇಸಿಜಿ ಸರಿ ಇದೆ ಎಂದು ಮನೆಗೆ ಕಳಿಸಬೇಡಿ." ಇದನ್ನು ಬರೆಯಲು ಕಾರಣವಿದೆ. ಐದು ವರ್ಷದ ಹಿಂದೆ ರಾತ್ರಿ ಹನ್ನೊಂದಕ್ಕೆ ಎದೆ ನೋವು ಬಂತು. ಒಂದು ನರ್ಸಿಂಗ್ ಹೋಮಿಗೆ ಹೋದೆವು. ಟರ್ನರ್ ಎಂದೆ. ಡ್ಯೂಟಿ ಡಾಕ್ಟರ್ "ಹೌದಾ" ಎಂದು ಇಸಿಜಿ ಮಾಡಿ, ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದರು. ನಿಜ ಹೇಳಬೇಕೆಂದರೆ ಅದು ಗ್ಯಾಸೇ ಆಗಿತ್ತು. ಸಂಜೆ ಮಿರ್ಚಿ ಬಜ್ಜಿ ಜಾಸ್ತಿ ಆಗಿತ್ತು. ಆದರೆ ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಅಲ್ವಾ?

ಹೆಜ್ಜೆ 3: ಹಾರ್ಮೋನ್ ಮಾತ್ರೆ ಯಾಕೆ ಎಂದು ನೀವೇ ತಿಳಿದುಕೊಳ್ಳಿ

ನಮ್ಮಲ್ಲಿ ಹೆಚ್ಚಿನವರ ಅಂಡಾಶಯ ಕೆಲಸ ಮಾಡುವುದಿಲ್ಲ. ಹಾಗಾಗಿ ಅದು ಮಾಡಬೇಕಾದ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಹೊರಗಿಂದ ಬೇಕು. ಈಗಿನ ಹುಡುಗಿಯರಿಗೆ 11–12ರ ಹೊತ್ತಿಗೆ ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ಎರಡು ಮೂರು ವರ್ಷದಲ್ಲಿ ಏರಿಸುತ್ತಾರೆ. ಆಮೇಲೆ ಇನ್ನೊಂದು ಹೆಣ್ಣಿನ ಹಾರ್ಮೋನ್ ಪ್ರೊಜೆಸ್ಟರಾನ್ ಸೇರಿಸುತ್ತಾರೆ.

ನನ್ನ ಓರಗೆಯವರಿಗೆಲ್ಲ ಆರತಿ ಮಾಡಿ, ಚಿಗಳಿ ಉಂಡೆ ಹಂಚಿ ಆಗಿತ್ತು. ನಮ್ಮನೆಯಲ್ಲಿ ಅಮ್ಮ ಯಾರಾದರೂ ಕೇಳಿದರೆ "ಇನ್ನೂ ಇಲ್ಲ" ಎಂದು ಒಳಗೆ ಹೋಗಿಬಿಡುತ್ತಿದ್ದರು. 16ಕ್ಕೆ ಮಾತ್ರೆ ಶುರುವಾಯಿತು, ಮುಟ್ಟು ಬಂತು, ಎಲ್ಲರಿಗೂ ಸಮಾಧಾನವಾಯಿತು. ತಪ್ಪಾಗಿದ್ದೇ ಅಲ್ಲಿ. ಮಾತ್ರೆ ಇರುವುದು ಮುಟ್ಟು ಬರಿಸಲಿಕ್ಕೆ ಎಂದು ನಾವೆಲ್ಲ ನಂಬಿದೆವು. 23ರಲ್ಲಿ ಒಬ್ಬ ಡಾಕ್ಟರು "ಮದುವೆ ಇನ್ನೂ ಇಲ್ಲ ತಾನೇ, ಸುಮ್ನೆ ಯಾಕೆ ಮಾತ್ರೆ" ಎಂದರು. ಅಮ್ಮನಿಗೂ ಮಾತ್ರೆ ಉಷ್ಣ ಎಂಬ ಗುಮಾನಿ ಇತ್ತು. ಆರು ವರ್ಷ ಬಿಟ್ಟೆ. 30ರಲ್ಲಿ ಬಚ್ಚಲಿನಲ್ಲಿ ಜಾರಿ ಕೈ ಊರಿದೆ. ಮಣಿಕಟ್ಟು ಮುರಿಯಿತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿದಾಗ ಡಾಕ್ಟರು ಹೇಳಿದ್ದು, "ಇದು 60 ವರ್ಷದವರ ಮೂಳೆ ಇದ್ದ ಹಾಗಿದೆ."

ಈಸ್ಟ್ರೋಜನ್ ಮೂಳೆಗೆ, ರಕ್ತನಾಳಕ್ಕೆ, ಗರ್ಭಕೋಶಕ್ಕೆ, ಚರ್ಮಕ್ಕೆ, ಗಂಡ ಹೆಂಡತಿ ಸಂಬಂಧ ನೋವಿಲ್ಲದೆ ನಡೆಯಲಿಕ್ಕೆ ಬೇಕು. ಬೇರೆ ಹೆಂಗಸರಿಗೆ ಮುಟ್ಟು ನಿಲ್ಲುವ ವಯಸ್ಸಿದೆಯಲ್ಲ, ಸುಮಾರು 50, ಅಲ್ಲಿಯವರೆಗೂ ಬೇಕು. ಮದುವೆಗೂ ಇದಕ್ಕೂ ಸಂಬಂಧವೇ ಇಲ್ಲ.

ಕೆಲವು ಕಿವಿಮಾತು. ಈಸ್ಟ್ರೋಜನ್ ಒಂದನ್ನೇ ತಗೊಂಡು ಪ್ರೊಜೆಸ್ಟರಾನ್ ಬಿಡಬೇಡಿ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿನ ಅಪಾಯ ಬರುತ್ತದೆ. ಗರ್ಭನಿರೋಧಕ ಮಾತ್ರೆಯನ್ನೇ ಕೊಟ್ಟಿದ್ದರೆ "ಇದಕ್ಕಿಂತ ಎಸ್ಟ್ರಡಯಾಲ್ ಒಳ್ಳೆಯದಲ್ವಾ?" ಎಂದು ಕೇಳಿ ನೋಡಿ. ಎಸ್ಟ್ರಡಯಾಲ್ ಎಂದರೆ ಮೈಯೇ ಮಾಡುವ ಥರದ ಈಸ್ಟ್ರೋಜನ್. ಗರ್ಭನಿರೋಧಕ ಮಾತ್ರೆಯಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಸುಮಾರು ಒಂದು ವಾರ ಹಾರ್ಮೋನ್ ಇಲ್ಲದ ದಿನಗಳಿರುತ್ತವೆ. ಮೈಗೆ ಹಚ್ಚುವ ಜೆಲ್ ಬರುತ್ತದೆ, ಚರ್ಮಕ್ಕೆ ಅಂಟಿಸುವ ಪಟ್ಟಿಯೂ ಇದೆ. ಈಗ ಮಾರ್ಗಸೂಚಿಗಳು ಇವನ್ನೇ ಮೊದಲು ಹೇಳುತ್ತವೆ. ಆದರೆ ತುಮಕೂರಿನಂಥ ಊರಲ್ಲಿ ಅಂಗಡಿಯವರು ತರಿಸಿಕೊಡಬೇಕು, ಬೆಲೆಯೂ ಹೆಚ್ಚು. ನಾನು ಮಾತ್ರೆಯಲ್ಲೇ ಇದ್ದೇನೆ. ರಾತ್ರಿ ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಒಂದು ಸಣ್ಣ ಸ್ಟೀಲ್ ಡಬ್ಬಿ. ಹಲ್ಲು ಉಜ್ಜಿದರೆ ಮಾತ್ರೆ. ಹನ್ನೊಂದು ವರ್ಷದಲ್ಲಿ ಮರೆತಿದ್ದು ಬೆರಳೆಣಿಕೆ.

ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್ ಬಗ್ಗೆ ತುಂಬ ಜನ ಕೇಳುತ್ತಾರೆ. ಚಿಕ್ಕ ಮಕ್ಕಳಿಗೆ ಅದರಿಂದ ಕೆಲವು ಸೆಂಟಿಮೀಟರ್ ಸಿಗುತ್ತದೆ. ಮೂಳೆಯ ತುದಿಗಳು ಮುಚ್ಚಿದ ಮೇಲೆ ಏನೂ ಸಿಗುವುದಿಲ್ಲ. ದೊಡ್ಡವರು ಅದಕ್ಕೆ ದುಡ್ಡು ಸುರಿಯಬೇಡಿ.

ಹೆಜ್ಜೆ 4: ಕಿವಿ

ಚಿಕ್ಕಂದಿನಲ್ಲಿ ಪದೇಪದೇ ಕಿವಿ ಸೋರುತ್ತಿತ್ತಾ? ನಮ್ಮಲ್ಲಿ ಅದು ಸಾಮಾನ್ಯ. ದೊಡ್ಡವರಾದ ಮೇಲೆ ಬರುವುದು ಬೇರೆ ಥರ. ಒಳಕಿವಿಯ ನರದ ಕಡೆಯಿಂದ ನಿಧಾನವಾಗಿ ಕೇಳುವುದು ಕಡಿಮೆಯಾಗುತ್ತದೆ. ಎಷ್ಟು ನಿಧಾನ ಎಂದರೆ ಗೊತ್ತೇ ಆಗುವುದಿಲ್ಲ. ನನಗೆ ಗೊತ್ತಾಗಿದ್ದು ಕ್ಲಾಸಿನಲ್ಲಿ. ಹಿಂದಿನ ಬೆಂಚಿನ ಹುಡುಗಿಯರು ಮೆಲ್ಲಗೆ ಉತ್ತರ ಹೇಳಿದರೆ "ಜೋರಾಗಿ ಹೇಳ್ರೇ" ಎನ್ನುತ್ತಿದ್ದೆ. ಒಂದು ದಿನ ಮುಂದಿನ ಬೆಂಚಿನವಳಿಗೂ ಅದನ್ನೇ ಹೇಳಿದೆ. ಮದುವೆ ಮನೆಗಳಲ್ಲಿ ನಾನು ಸುಮ್ಮನೆ ನಗುತ್ತಾ ಕೂತಿರುತ್ತಿದ್ದೆ. ನೆಂಟರು "ಟೀಚರಮ್ಮಂಗೆ ಸ್ವಲ್ಪ ಜಂಬ" ಎಂದುಕೊಂಡಿದ್ದರು. ಜಂಬವಲ್ಲ, ವಾಲಗದ ಸದ್ದಿನಲ್ಲಿ ಅವರ ಮಾತು ಕೇಳುತ್ತಿರಲಿಲ್ಲ.

ಐದು ವರ್ಷಕ್ಕೊಮ್ಮೆ ಆಡಿಯೋಮೆಟ್ರಿ, ಅಂದರೆ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿ, ತೊಂದರೆ ಕಂಡರೆ ಇನ್ನೂ ಬೇಗ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯಿಂದ ಕಿವಿಯ ಯಂತ್ರದವರೆಗೆ ಎಲ್ಲ ಒಂದೇ ಕಡೆ ಆಗುತ್ತದೆ. ಯಂತ್ರ ಬೇಕು ಎಂದರೆ ಹಾಕಿಕೊಳ್ಳಿ. ಕನ್ನಡಕಕ್ಕೆ ಇಲ್ಲದ ನಾಚಿಕೆ ಇದಕ್ಕೇಕೆ? ನಾನು ನಾಚಿಕೊಂಡು ಎರಡು ವರ್ಷ ಹಾಳುಮಾಡಿದೆ.

ಹೆಜ್ಜೆ 5: ವರ್ಷಕ್ಕೊಂದು ದಿನ ಮೀಸಲಿಡಿ

ನನ್ನದು ಯುಗಾದಿ ಕಳೆದ ಮೊದಲ ಶನಿವಾರ. ಪರೀಕ್ಷೆಯ ಪೇಪರ್ ತಿದ್ದುವುದು ಅಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುತ್ತೇನೆ: ಥೈರಾಯ್ಡ್, ಸಕ್ಕರೆ, ಮೂರು ತಿಂಗಳ ಸಕ್ಕರೆ ಸರಾಸರಿ, ಕೊಲೆಸ್ಟರಾಲ್, ಲಿವರ್. ಇವು ವರ್ಷ ವರ್ಷ. ವಿಟಮಿನ್ ಡಿ ಎರಡು ಮೂರು ವರ್ಷಕ್ಕೊಮ್ಮೆ. ಹುಟ್ಟಿನಿಂದಲೇ ಕಿಡ್ನಿಯ ಆಕಾರ ಬೇರೆ ಇರಬಹುದು, ಅದಕ್ಕೆ ಒಮ್ಮೆ ಅಲ್ಟ್ರಾಸೌಂಡ್ ಮಾಡಿಸಿದ್ದರೆ ಸಾಕು.

ಥೈರಾಯ್ಡ್ ನಮ್ಮಲ್ಲಿ ಬಹಳ ಜನಕ್ಕೆ ಕೈಕೊಡುತ್ತದೆ. ಸುಸ್ತು, ತೂಕ, ಮಂಕು, ಇವನ್ನೆಲ್ಲ "ಟರ್ನರ್ ಅಲ್ವಾ, ಹಾಗೇ" ಎಂದು ಬಿಡಬೇಡಿ, ಟೆಸ್ಟ್ ಮಾಡಿಸಿ. ಮಾತ್ರೆ ಶುರುವಾದರೆ ಬೆಳಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ. ಕಾಫಿಗೆ ಅರ್ಧ ಗಂಟೆಯಾದರೂ, ಸಾಧ್ಯವಾದರೆ ಒಂದು ಗಂಟೆ ಕಾಯಬೇಕು. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ ಬರುತ್ತಿರುವಾಗ ಇದಕ್ಕಿಂತ ಕಷ್ಟದ ಪಥ್ಯ ನಾನು ಕಂಡಿಲ್ಲ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಎರಡರ ನಡುವೆ ನಾಲ್ಕು ಗಂಟೆ ಬಿಡಿ.

ಹೊಟ್ಟೆ ಉಬ್ಬರ, ಪದೇಪದೇ ಭೇದಿ, ಎಷ್ಟು ಕಬ್ಬಿಣದ ಮಾತ್ರೆ ತಿಂದರೂ ಏರದ ಹಿಮೋಗ್ಲೋಬಿನ್, ಇವಿದ್ದರೆ ಸೀಲಿಯಾಕ್ ಟೆಸ್ಟ್ ಕೇಳಿ. ಏನೂ ಇಲ್ಲದಿದ್ದರೂ ಕೆಲವು ವರ್ಷಕ್ಕೊಮ್ಮೆ ಮಾಡಿಸುವುದು ಒಳ್ಳೆಯದು. ಗೋಧಿಯ ಅಂಟು ಮೈಗೆ ಒಗ್ಗದ ತೊಂದರೆ ಇದು. ಹಾಗೇನಾದರೂ ಬಂದರೆ ನಾವು ಕರ್ನಾಟಕದವರು ಪುಣ್ಯವಂತರು. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಇಡ್ಲಿ, ದೋಸೆ ಯಾವುದಕ್ಕೂ ಅಡ್ಡಿಯಿಲ್ಲ. ಚಪಾತಿ, ರವೆ ಉಪ್ಪಿಟ್ಟು, ಕೇಸರಿಬಾತ್, ಗೋಧಿ ಶಾವಿಗೆ ಬಿಡಬೇಕು. ಯಾರಿಗೂ ಹೊಳೆಯದ ಕಳ್ಳ ಒಂದಿದೆ, ಇಂಗು. ಅಂಗಡಿಯ ಇಂಗಿನ ಪುಡಿಗೆ ಬಹಳ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಹಿಂದೆ ಓದಿ.

ಮೂಳೆಗೂ ರಾಗಿ ಒಳ್ಳೆಯ ಸಾಥ್. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಮುದ್ದೆ ತಿಂದೆ ಎಂದು ಈಸ್ಟ್ರೋಜನ್ ಬಿಟ್ಟರೆ ನಡೆಯುವುದಿಲ್ಲ.

ಪಾದ ಊದುವವರು ಉದ್ದ ಪ್ರಯಾಣದಲ್ಲಿ ಬಿಗಿ ಕಾಲುಚೀಲ ಹಾಕಿಕೊಳ್ಳಿ. ಉಗುರು ಒಳಕ್ಕೆ ಬೆಳೆಯುವವರು ನೇರವಾಗಿ ಕತ್ತರಿಸಿಕೊಳ್ಳಿ.

ಹೆಜ್ಜೆ 6: ಮನೆಯನ್ನು ನಿಮ್ಮ ಎತ್ತರಕ್ಕೆ ಇಳಿಸಿ

ಅಡುಗೆಮನೆಯ ಕಟ್ಟೆ ಸಾಮಾನ್ಯವಾಗಿ 32–34 ಇಂಚು ಇರುತ್ತದೆ. ಅದರ ಮೇಲೆ ಸ್ಟವ್, ಸ್ಟವ್ ಮೇಲೆ ಕುಕ್ಕರ್. ಒಳಗೇನಿದೆ ಎಂದು ನನಗೆ ಕಾಣುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಮಣೆ ಮೇಲೆ ನಿಂತು ಸಾರು ಮಾಡಿದೆ. ಒಮ್ಮೆ ಮಣೆ ಜಾರಿ ಒಗ್ಗರಣೆ ಕೈಮೇಲೆ ಬಿತ್ತು. ಮನೆ ಕಟ್ಟಿಸುವಾಗ ಮೇಸ್ತ್ರಿಗೆ "ಕಡಪ ಕಲ್ಲು 28 ಇಂಚಿಗೆ ಕೂರಿಸಿ" ಎಂದೆ. "ನಾಳೆ ಮನೆ ಮಾರೋಕೆ ಕಷ್ಟ ಆಗ್ತದೆ ಮೇಡಂ" ಎಂದರು. ಮಾರುವ ಯೋಚನೆ ನನಗಿರಲಿಲ್ಲ. ನೀವು ಬಾಡಿಗೆ ಮನೆಯಲ್ಲಿದ್ದರೆ ಸ್ಟವ್ ಒಂದನ್ನಾದರೂ ಗಿಡ್ಡ ಮೇಜಿನ ಮೇಲೆ ಇಟ್ಟುಕೊಳ್ಳಿ. ಸ್ಕೂಟಿ ಕೊಳ್ಳುವಾಗ ಎರಡೂ ಪಾದ ನೆಲಕ್ಕೆ ಊರುತ್ತವಾ ನೋಡಿಯೇ ಕೊಳ್ಳಿ. ಬ್ಲೌಸನ್ನು ಸೈಜ್ ಹೇಳಿ ಹೊಲಿಸಬೇಡಿ, ಅಳತೆ ಕೊಟ್ಟು ಹೊಲಿಸಿ. ನಮ್ಮ ಭುಜ, ಕತ್ತು ಅಗಲ.

ಲೆಕ್ಕ, ದಿಕ್ಕು, ನಕ್ಷೆ ಕಷ್ಟವಾ? ನಿಮ್ಮ ಬುದ್ಧಿಗೇನೂ ಆಗಿಲ್ಲ. ಮಾತು, ಓದು, ನೆನಪು ನಮ್ಮಲ್ಲಿ ಹೆಚ್ಚಿನವರಿಗೆ ಚೆನ್ನಾಗೇ ಇರುತ್ತದೆ. ಜಾಗ ಮತ್ತು ಅಂಕಿಗೆ ಸಂಬಂಧಿಸಿದ್ದು ಮಾತ್ರ ತೊಡಕು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲು, ಗಣಿತ ಪಾಸಾಗಿದ್ದು ದೇವರ ದಯೆ. ಈಗಲೂ ಮೆಜೆಸ್ಟಿಕ್‌ನಲ್ಲಿ ಇಳಿದರೆ ಯಾವ ಕಡೆ ಹೊರಬರಬೇಕು ಎಂದು ತಿಳಿಯುವುದಿಲ್ಲ. ಮೊಬೈಲ್ ಇದೆ, ಕೇಳಿದರೆ ಹೇಳುವ ಜನರಿದ್ದಾರೆ. ಕೆಲಸ ಆರಿಸಿಕೊಳ್ಳುವಾಗ ಮಾತ್ರ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಇನ್ನೊಂದು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕುಬ್ಜತೆಯೂ ಸೇರಿದೆ. ಕಾಯಿಲೆ ಅಥವಾ ವಂಶವಾಹಿ ಕಾರಣದಿಂದ ದೊಡ್ಡವರಾದ ಮೇಲಿನ ಎತ್ತರ 147 ಸೆಂಟಿಮೀಟರ್, ಅಂದರೆ 4 ಅಡಿ 10 ಇಂಚು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಅನ್ವಯ. ನಮ್ಮಲ್ಲಿ ಬಹಳ ಜನ ಇದರೊಳಗೆ ಬರುತ್ತೇವೆ. ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40 ವೈಕಲ್ಯ ಇರಬೇಕು, ಅದನ್ನು ಮೆಡಿಕಲ್ ಬೋರ್ಡ್ ನಿರ್ಧರಿಸುತ್ತದೆ. ಕಿವಿಯ ತೊಂದರೆ ಇದ್ದರೆ ಅದನ್ನೂ ಜೊತೆಗೇ ತೋರಿಸಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಆನ್‌ಲೈನಲ್ಲೇ ಹಾಕಬಹುದು. ಹಾಕುವುದೂ ಬಿಡುವುದೂ ನಿಮ್ಮಿಷ್ಟ.

ಹೆಜ್ಜೆ 7: ಯಾರಿಗೆ, ಯಾವಾಗ, ಎಷ್ಟು ಹೇಳುವುದು

ಡಾಕ್ಟರಿಗೆ ಎಲ್ಲ ಹೇಳಿ. ಕೆಲಸದ ಜಾಗದಲ್ಲಿ ಬೇಕಿದ್ದಷ್ಟೇ. ನಮ್ಮ ಹೆಡ್‌ಮಿಸ್‌ಗೆ "ಕಿವಿ ಸ್ವಲ್ಪ ಮಂದ, ಬೋರ್ಡಿನ ಕೆಳಗೊಂದು ಕಟ್ಟೆ ಬೇಕು" ಎಂದಷ್ಟೇ ಹೇಳಿದ್ದೆ. ಕಟ್ಟೆ ಬರಲು ಒಂದು ವರ್ಷವಾಯಿತು, ಅಲ್ಲಿಯವರೆಗೆ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆದೆ. ನೆಂಟರಿಗೆ ಹೇಳಲೇಬೇಕಾದ ಋಣವೇನಿಲ್ಲ.

ಮದುವೆ ವಿಷಯ ಬೇರೆ. ನನ್ನ ಮೊದಲ ಸಂಬಂಧದಲ್ಲಿ ಮನೆಯವರು ಏನೂ ಹೇಳಬೇಡ ಎಂದರು. ಆಮೇಲೆ ಅತ್ತೆಯೊಬ್ಬರು ಹುಡುಗನ ಕಡೆಯವರಿಗೆ ಅರ್ಧಂಬರ್ಧ ಹೇಳಿದರು. ಅವರು ಬೇಡ ಎಂದಿದ್ದಕ್ಕೆ ಬೇಜಾರಾಗಲಿಲ್ಲ. ನನ್ನ ಕಥೆ ನನ್ನ ಬಾಯಿಂದ ಹೋಗಲಿಲ್ಲವಲ್ಲ, ಅದಕ್ಕೆ ಬೇಜಾರಾಯಿತು. ಎರಡನೇ ಸಲ ನಾನೇ ಹೇಳಿದೆ. ಗಂಡು ನೋಡಲು ಬಂದು ಹೋಗಿ, ಎರಡು ಕಡೆಯೂ ಒಪ್ಪಿ, ನಿಶ್ಚಿತಾರ್ಥಕ್ಕೆ ದಿನ ಇಡುವ ಮುಂಚೆ. ದರ್ಶಿನಿಯೊಂದರಲ್ಲಿ ನಿಂತುಕೊಂಡೇ. "ನನಗೆ ಟರ್ನರ್ ಅಂತ ಇದೆ. ದಿನಾ ಮಾತ್ರೆ ತಗೋತೀನಿ. ಮಕ್ಕಳಾಗೋದು ಬಹುತೇಕ ಇಲ್ಲ. ಯೋಚನೆ ಮಾಡಿ ಹೇಳಿ." ಅವರು ಟೀ ಲೋಟ ಕೆಳಗಿಟ್ಟು "ನಾಲ್ಕು ದಿನ ಕೊಡಿ" ಎಂದರು. ಆರನೇ ದಿನಕ್ಕೆ ಫೋನ್ ಬಂತು. ಆ ಎರಡು ದಿನ ಜಾಸ್ತಿ ತಗೊಂಡಿದ್ದಕ್ಕೆ ಈಗಲೂ ರೇಗಿಸುತ್ತೇನೆ.

ಮೊದಲ ಭೇಟಿಯಲ್ಲೇ ಹೇಳಬೇಕಿಲ್ಲ. ನಿಶ್ಚಿತಾರ್ಥ ದಾಟಿಸಲೂಬಾರದು. ಹೇಳುವುದು ಹುಡುಗನಿಗೆ, ನೇರವಾಗಿ, ನೀವೇ. ಮುಚ್ಚಿಟ್ಟು ಮದುವೆಯಾದರೆ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಅಡಿ ಮೋಸ ಎಂದು ಕೋರ್ಟಿಗೆ ಹೋಗುವ ದಾರಿಯೂ ತೆರೆದಿರುತ್ತದೆ. ಅದಕ್ಕಿಂತ ದೊಡ್ಡದು, ಮಾತ್ರೆ ಬಚ್ಚಿಟ್ಟುಕೊಂಡು ಸಂಸಾರ ಮಾಡುವ ಸಂಕಟ. ಮದುವೆಯೇ ಬೇಡ ಎನ್ನುವವರಿದ್ದರೆ ಅವರಿಗೆ ನನ್ನ ಉಪದೇಶ ಏನೂ ಇಲ್ಲ.

ಹೆಜ್ಜೆ 8: ಮಕ್ಕಳು ಬೇಕೆಂದರೆ

ತಾನಾಗಿ ಗರ್ಭ ನಿಲ್ಲುವುದು ನಮ್ಮಲ್ಲಿ ಕೆಲವರಿಗೆ ಮಾತ್ರ, ಅದೂ ಹೆಚ್ಚಾಗಿ ಮೊಸಾಯಿಕ್ ಇರುವವರಿಗೆ. ಮುಟ್ಟು ತಾನಾಗೇ ಶುರುವಾಗಿದ್ದರೆ ತಡಮಾಡದೆ ತಜ್ಞರನ್ನು ಕಾಣಿ, ಯಾಕೆಂದರೆ ಅಂಡಾಣು ಬೇಗ ಮುಗಿದುಹೋಗುತ್ತದೆ. ಬೇರೆಯವರ ಅಂಡಾಣುವಿನಿಂದ ಐವಿಎಫ್, ಅಂದರೆ ಪ್ರನಾಳ ಶಿಶುವಿನ ಚಿಕಿತ್ಸೆ, ಮಾಡಿಸುವ ದಾರಿ ಇದೆ. 2021ರ ಕಾನೂನಿನಂತೆ ನೋಂದಣಿಯಾದ ಕೇಂದ್ರದಲ್ಲೇ ಆಗಬೇಕು.

ಆದರೆ ಯಾವ ಕೇಂದ್ರವಾದರೂ ಸರಿ, ಹೃದಯದ ಎಂಆರ್‌ಐ ನೋಡದೆ "ಬನ್ನಿ ಶುರುಮಾಡೋಣ" ಎಂದರೆ ಎದ್ದು ಬನ್ನಿ. ಬಸಿರಿನಲ್ಲಿ ಅಯೋರ್ಟಾ ಮೇಲೆ ಹೊರೆ ಬೀಳುತ್ತದೆ. ಮೈಯ ಅಳತೆಗೆ ಭಾಗಿಸಿದ ಅಂಕಿ 2.5 ದಾಟಿದ್ದರೆ ಬಸಿರು ಬೇಡ ಎಂದೇ 2017ರ ಆ ಮಾರ್ಗಸೂಚಿ ಹೇಳುತ್ತದೆ. 2ರಿಂದ 2.5ರ ನಡುವೆ ಇದ್ದು, ಬಿಪಿಯೋ ಎರಡೆಸಳಿನ ಕವಾಟವೋ ಇದ್ದರೂ ಅದೇ ಮಾತು. ಹೃದಯ ಸರಿ ಇದೆ ಎಂದಾದರೂ ಒಂದೇ ಭ್ರೂಣ ಹಾಕಿಸಿ. ಅವಳಿ ಜವಳಿಯ ಆಸೆ ನಮಗಲ್ಲ.

ದತ್ತು ತಗೊಳ್ಳುವುದಾದರೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾ ಪೋರ್ಟಲ್‌ನಲ್ಲಿ ಹೆಸರು ಹಾಕಬೇಕು. ದಂಪತಿಗೆ ಮದುವೆಯಾಗಿ ಎರಡು ವರ್ಷ ಆಗಿರಬೇಕು. ಒಬ್ಬಂಟಿ ಹೆಂಗಸೂ ಗಂಡು, ಹೆಣ್ಣು ಯಾವ ಮಗುವನ್ನಾದರೂ ತಗೊಳ್ಳಬಹುದು. ಎರಡು ವರ್ಷದೊಳಗಿನ ಮಗು ಬೇಕೆಂದರೆ ದಂಪತಿಯ ವಯಸ್ಸು ಕೂಡಿಸಿ 85 ದಾಟಬಾರದು, ಒಬ್ಬರೇ ಆದರೆ 40. ಕಾಯುವುದು ಉದ್ದ, ಹಾಗಾಗಿ ಯೋಚನೆ ಇದ್ದರೆ ಬೇಗ ನೋಂದಾಯಿಸಿ. ನಾವಿಬ್ಬರೂ ಬೇಡ ಎಂದುಕೊಂಡೆವು. ಸೀಮಂತಕ್ಕೆ ಕರೆದರೆ ಹೋಗುತ್ತೇನೆ, ಮಡಿಲು ತುಂಬುವಾಗ ನನ್ನನ್ನು ಹಿಂದಕ್ಕೆ ಸರಿಸಿದರೆ ಊಟ ಮಾಡಿಕೊಂಡು ಬರುತ್ತೇನೆ.

ಹೆಜ್ಜೆ 9: ಮನಸ್ಸು

ಎದುರಿನವರ ಮುಖ ನೋಡಿ ಅವರ ಮನಸ್ಸು ಓದುವುದು ನಮ್ಮಲ್ಲಿ ಕೆಲವರಿಗೆ ಕಷ್ಟ. ಅದಕ್ಕೆ ಆತಂಕ ಜಾಸ್ತಿ, ಗೆಳೆತನ ಕಡಿಮೆ. ಕುಳ್ಳಿ, ಗಿಡ್ಡಿ ಎಂದು ಕೇಳಿ ಬೆಳೆದವರಿಗೆ ಇನ್ನೂ ಜಾಸ್ತಿ. ಕೇಳುವುದು ಕಡಿಮೆಯಾದವರು ಒಬ್ಬರೇ ಇರಲು ಶುರುಮಾಡುತ್ತಾರೆ, ಹಾಗಾಗಿ ಮನಸ್ಸಿನ ಚಿಕಿತ್ಸೆಗೆ ಮುಂಚೆ ಕಿವಿ ನೋಡಿಸಿ, ಥೈರಾಯ್ಡ್ ನೋಡಿಸಿ. ನನ್ನ ಮಂಕು ಅರ್ಧ ಹೋಗಿದ್ದು ಅಲ್ಲೇ. ಉಳಿದದ್ದಕ್ಕೆ ಮಾತಾಡುವವರು ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಬ್ಬ ಟರ್ನರ್ ಹೆಂಗಸನ್ನು ನಾನು ಮೊದಲು ಕಂಡಿದ್ದು 36ನೇ ವಯಸ್ಸಿನಲ್ಲಿ, ಆಸ್ಪತ್ರೆಯೊಂದರ ಬೆಂಚಿನ ಮೇಲೆ. ಇಬ್ಬರ ಕಾಲೂ ನೆಲ ಮುಟ್ಟದೆ ತೂಗಾಡುತ್ತಿದ್ದವು. ಅವಳು ನನ್ನ ಕಾಲು ನೋಡಿದಳು, ನಾನು ಅವಳ ಕಾಲು ನೋಡಿದೆ. ಇಬ್ಬರೂ ನಕ್ಕೆವು. ನಿಮ್ಮ ಡಾಕ್ಟರಿಗೆ "ನನ್ನ ಥರದವರು ಬೇರೆ ಯಾರಾದರೂ ಬಂದರೆ, ಅವರು ಒಪ್ಪಿದರೆ ನನ್ನ ನಂಬರ್ ಕೊಡಿ" ಎಂದು ಹೇಳಿಡಿ. ನಾವೀಗ ಐದು ಜನ ಇದ್ದೇವೆ. ಯುಗಾದಿ ಕಳೆದ ಶನಿವಾರ ಒಟ್ಟಿಗೇ ರಕ್ತ ಕೊಟ್ಟು, ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುತ್ತೇವೆ. ಸೀಲಿಯಾಕ್ ಇರುವವಳಿಗೂ ಅದು ಆಗುತ್ತದೆ. ಅವಳು ಸಾಂಬಾರ್ ಮಾತ್ರ ಮುಟ್ಟುವುದಿಲ್ಲ, ಇಂಗು ಇರುತ್ತದೆ ಎಂದು.